ಹನ್ನೆರಡು ದಿನಗಳಲ್ಲಿ ಪಕ್ವವಾಗುವ ಪ್ರತಿಭೆ

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ತಂಡಗಳ ಆಡಳಿತಗಾರರಷ್ಟು ಕರಾರುವಾಕ್ಕಾಗಿ ಮುಹೂರ್ತವಿಡಬಲ್ಲ ಜೋಯಿಸರು ನಮ್ಮ ಸೀಮೆಯಲ್ಲೂ ಸಿಗಲಾರರು. ನಮ್ಮವರು ತಿಥಿ, ವಾರ, ನಕ್ಷತ್ರಗಳನ್ನೆಲ್ಲ ಕೂಡಿಸಿ ಕಳೆದು ಕೊನೆಗೆ ಛತ್ರ ಖಾಲಿ ಇರುವ ದಿನಕ್ಕೇ ಬಂದು ನಿಲ್ಲುತ್ತಾರೆ. ಅಲ್ಲಿನವರಿಗೆ ಅಂಥ ತಾಪತ್ರಯವಿಲ್ಲ. ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬ ದೊಡ್ಡವರ ಜೊತೆ ಆಡಲು ಯಾವ ದಿನ ಯೋಗ್ಯನಾಗುತ್ತಾನೆ ಎಂಬುದನ್ನು ಅವರು ಋತು ಆರಂಭವಾಗುವ ಮೊದಲೇ ಗುಣಿಸಿ ಇಟ್ಟುಕೊಂಡಿರುತ್ತಾರೆ. ಅದಕ್ಕಾಗಿ ಹುಡುಗನ ಆಟವನ್ನು ನೋಡಲೇಬೇಕೆಂಬ ನಿಯಮವೂ ಇಲ್ಲ.

ಈ ಶಾಸ್ತ್ರದ ಮೂಲಸೂತ್ರ ಇಷ್ಟು. ಮೇಜರ್ ಲೀಗಿನಲ್ಲಿ ಆರು ವರ್ಷಗಳ ಸೇವೆ ಪೂರೈಸುವವರೆಗೆ ಆಟಗಾರನು ತನ್ನ ತಂಡಕ್ಕೇ ಸೇರಿದವನು; ಆನಂತರವಷ್ಟೇ ಆತ ಸ್ವತಂತ್ರನಾಗಿ, ಹೆಚ್ಚು ಬೆಲೆ ಕೊಡುವವರ ಕಡೆಗೆ ನಡೆಯಬಹುದು. ಮೊದಲ ಮೂರು ವರ್ಷಗಳಲ್ಲಿ ಸಾಮಾನ್ಯವಾಗಿ ತಂಡ ಕೊಟ್ಟಷ್ಟೇ ಸಂಬಳ. ಋತುವಿನಲ್ಲಿ ಸುಮಾರು 183ರಿಂದ 187 ದಿನಗಳಿರುತ್ತವೆ, ಅದರಲ್ಲಿ 172 ದಿನ ತಂಡದ ಪಟ್ಟಿಯಲ್ಲಿದ್ದರೆ ಅದು ಒಂದು ವರ್ಷದ ಸೇವೆ. 171 ದಿನವಿದ್ದರೆ ವರ್ಷ ತುಂಬಲಿಲ್ಲ. ಹೀಗಾಗಿ ಹುಡುಗನನ್ನು ಏಪ್ರಿಲ್ ತಿಂಗಳ ಮೊದಲ ಎರಡು ವಾರ ಕೆಳಗಿನ ಮೈನರ್ ಲೀಗಿನಲ್ಲಿ ಕೂರಿಸಿದರೆ ಆರು ವರ್ಷ ಹೆಚ್ಚುಕಡಿಮೆ ಏಳಾಗುತ್ತದೆ. ಎರಡು ವಾರ ಬಿತ್ತಿ ಒಂದು ವರ್ಷ ಕೊಯ್ಯುವ ಇಂಥ ಬೇಸಾಯವನ್ನು ನಮ್ಮ ಕೃಷಿ ವಿಶ್ವವಿದ್ಯಾಲಯಗಳು ಇನ್ನೂ ಕಂಡುಹಿಡಿದಿಲ್ಲ.

ಆದರೆ ಇದನ್ನು ಹೀಗೆ ಬಾಯಿಬಿಟ್ಟು ಹೇಳುವಂತಿಲ್ಲ. ಸೇವಾವಧಿಯನ್ನು ಕತ್ತರಿಸಲೆಂದೇ ಹುಡುಗನನ್ನು ಕೆಳಗಿಟ್ಟಿದ್ದೇವೆ ಎಂದು ಒಪ್ಪಿಕೊಂಡರೆ ಆಟಗಾರರ ಸಂಘ ದೂರು ಕೊಡುತ್ತದೆ. ಆದ್ದರಿಂದ ಕ್ರೀಡಾಸಂಬಂಧಿಯಾದ ಒಂದು ಕಾರಣ ಬೇಕು, ಆ ಕಾರಣವನ್ನು ಅಳೆಯಲು ಬಾರದಂತಿರಬೇಕು. ಬ್ಯಾಟಿಂಗ್ ಸರಿಯಿಲ್ಲವೆಂದರೆ ಅಂಕಿಗಳು ಎದ್ದು ನಿಂತು ಜಗಳಕ್ಕೆ ಬರುತ್ತವೆ. ಹಾಗಾಗಿ ತಂಡಗಳೆಲ್ಲ ಸೇರಿ ಆರಿಸಿಕೊಂಡ ಪದವೇ ಕ್ಷೇತ್ರರಕ್ಷಣೆ. ಹುಡುಗ ಪ್ರತಿಭಾವಂತ, ಸಂದೇಹವಿಲ್ಲ, ಆದರೆ ಕ್ಷೇತ್ರರಕ್ಷಣೆಯಲ್ಲಿ ಇನ್ನೂ ಸ್ವಲ್ಪ ಸುಧಾರಿಸಬೇಕಿದೆ.

ಇದಕ್ಕೆ ಶಾಸ್ತ್ರೋಕ್ತ ಉದಾಹರಣೆ 2015ರ ಶಿಕಾಗೊ ಕಬ್ಸ್. 1908ರಿಂದ ಪ್ರಶಸ್ತಿಯನ್ನೇ ಕಾಣದ ಆ ತಂಡದಲ್ಲಿ ಕ್ರಿಸ್ ಬ್ರಯಂಟ್ ಎಂಬ ಇಪ್ಪತ್ಮೂರು ವರ್ಷದ ಯುವಕರಿದ್ದರು. ಹಿಂದಿನ ವರ್ಷ ಮೈನರ್ ಲೀಗುಗಳಲ್ಲಿ, ಚೆಂಡನ್ನು ಬೇಲಿಯಾಚೆ ಕಳಿಸುವ ಹೋಮ್ ರನ್‌ಗಳನ್ನು 43 ಸಲ ಬಾರಿಸಿದ್ದ ಅವರು, ಮಾರ್ಚ್ ತಿಂಗಳ ಅಭ್ಯಾಸ ಪಂದ್ಯಗಳಲ್ಲಿ .425 ಸರಾಸರಿಯಲ್ಲಿ, ಎಂದರೆ ನೂರಕ್ಕೆ ನಲವತ್ತಕ್ಕೂ ಹೆಚ್ಚು ಸಲ ಹಿಟ್ ಗಳಿಸುತ್ತ, ಬ್ಯಾಟ್ ಮಾಡಿ ಒಂಬತ್ತು ಹೋಮ್ ರನ್ ಹೊಡೆದರು. ಆ ವಸಂತದಲ್ಲಿ ಲೀಗಿನ ಬೇರಾರೂ ಅಷ್ಟು ಹೊಡೆದಿರಲಿಲ್ಲ. ತಂಡವು ಇದನ್ನೆಲ್ಲ ಗಂಭೀರವಾಗಿ ಪರಿಶೀಲಿಸಿ, ಮೂರನೇ ಬೇಸಿನಲ್ಲಿ ಅವರ ಕ್ಷೇತ್ರರಕ್ಷಣೆ ಇನ್ನೂ ಹದಕ್ಕೆ ಬಂದಿಲ್ಲವೆಂದು ತೀರ್ಮಾನಿಸಿ, ಮಾರ್ಚ್ ಕೊನೆಯಲ್ಲಿ ಅವರನ್ನು ಅಯೋವಾದಲ್ಲಿರುವ ತನ್ನ ಮೈನರ್ ಲೀಗ್ ತಂಡಕ್ಕೆ ಕಳುಹಿಸಿತು. ಏಪ್ರಿಲ್ 5ರಂದು ಋತು ಆರಂಭವಾಯಿತು. ಏಪ್ರಿಲ್ 17ರಂದು ಬ್ರಯಂಟ್ ಶಿಕಾಗೊಗೆ ಮರಳಿದರು. ಬಾಲ್ಯದಿಂದಲೂ ಕೈಗೂಡದಿದ್ದ ಕಲೆಯು ಅಯೋವಾದ ಜೋಳದ ಹೊಲಗಳ ನಡುವೆ ಹನ್ನೆರಡೇ ದಿನಗಳಲ್ಲಿ ಕೈಗೂಡಿತ್ತು. ಋತು ಮುಗಿದ ಮೇಲೆ ಲೆಕ್ಕ ಹಾಕಿದರೆ ಅವರ ಸೇವೆ 171 ದಿನವಾಗಿತ್ತು. ಒಂದು ದಿನ ಕಡಿಮೆ. ಕಾಕತಾಳೀಯವೆಂದರೆ ಇದೇ ಇರಬೇಕು.

ಮೊದಲ ಪಂದ್ಯದಲ್ಲಿ ಬ್ರಯಂಟ್ ಮೂರು ಸಲ ಸ್ಟ್ರೈಕ್ ಔಟ್ ಆಗಿ ಒಂದೂ ಹಿಟ್ ಗಳಿಸಲಿಲ್ಲ ಎಂಬುದನ್ನು ತಂಡದ ಪರವಾಗಿ ದಾಖಲಿಸಲೇಬೇಕು. ಆದರೆ ಆ ವರ್ಷದ ಅತ್ಯುತ್ತಮ ಹೊಸ ಆಟಗಾರ ಪ್ರಶಸ್ತಿ ಅವರಿಗೆ ಸರ್ವಾನುಮತದಿಂದ ಬಂತು, ಮರುವರ್ಷ ಮೇಜರ್ ಲೀಗಿನ ಅರ್ಧಭಾಗವಾದ ನ್ಯಾಷನಲ್ ಲೀಗಿನ ಅತ್ಯಂತ ಮೌಲ್ಯಯುತ ಆಟಗಾರ ಎಂಬ ಗೌರವವೂ ಬಂತು. 2016ರ ನವೆಂಬರ್ 2ರ ರಾತ್ರಿ ಕ್ಲೀವ್‌ಲೆಂಡಿನಲ್ಲಿ, ಪ್ರಶಸ್ತಿ ನಿರ್ಧರಿಸುವ ವರ್ಲ್ಡ್ ಸೀರೀಸಿನ ಏಳನೇ ಪಂದ್ಯ ಹತ್ತನೇ ಇನಿಂಗ್ಸಿಗೆ ಹೋಗಿ, ಇನ್ನೊಂದೇ ಔಟ್ ಬೇಕಾಗಿದ್ದಾಗ ಚೆಂಡು ನಿಧಾನವಾಗಿ ಉರುಳಿಕೊಂಡು ಬಂದದ್ದು ಮೂರನೇ ಬೇಸಿನ ಕಡೆಗೇ. ಬ್ರಯಂಟ್ ಮುಂದೆ ನುಗ್ಗಿ ಅದನ್ನೆತ್ತಿಕೊಂಡರು. ಒದ್ದೆ ಹುಲ್ಲಿನ ಮೇಲೆ ಕಾಲು ಜಾರಿತು. ಎಸೆಯುವ ಮೊದಲೇ ಮುಖದ ತುಂಬ ನಗು ಹರಡಿತ್ತು. ಚೆಂಡು ಮೊದಲನೇ ಬೇಸಿನ ಆಂಟನಿ ರಿಜ್ಜೊ ಅವರ ಕೈಗವಸಿಗೆ ಹೋಗಿ ಬಿತ್ತು. 108 ವರ್ಷಗಳ ಬರಗಾಲ ಮುಗಿದದ್ದು ಕ್ಷೇತ್ರರಕ್ಷಣೆ ಸಾಲದೆಂದು ಊರು ಬಿಡಿಸಿದ ಅದೇ ಯುವಕರ ಕೈಯಲ್ಲಿ. ಕಾಲು ಜಾರಿದ್ದನ್ನು ಕಂಡು ಆಡಳಿತ ಮಂಡಳಿಯ ಯಾರಾದರೂ 'ನಾವು ಹೇಳಲಿಲ್ಲವೇ' ಎಂದು ಪಕ್ಕದವರಿಗೆ ಪಿಸುಗುಟ್ಟಿರಲೂಬಹುದು. ಆ ವರ್ಷ ಅವರ ಸಂಬಳ 6,52,000 ಡಾಲರ್.

ಕಳೆದುಹೋದ ಆ ಒಂದು ದಿನವನ್ನು ಹುಡುಕಿಕೊಡಿ ಎಂದು ಆಟಗಾರರ ಸಂಘ 2015ರ ಡಿಸೆಂಬರಿನಲ್ಲಿ ದೂರು ಸಲ್ಲಿಸಿತು. ಒಂದೇ ದಿನದ ವ್ಯಾಜ್ಯವಾದ್ದರಿಂದ ವಿಚಾರಣೆ ನಾಲ್ಕು ವರ್ಷದೊಳಗೆ ಮುಗಿಯಲಿಲ್ಲ. 2020ರ ಜನವರಿಯಲ್ಲಿ ಮಧ್ಯಸ್ಥಗಾರರು ತಂಡದ ಪರವಾಗಿ ತೀರ್ಪಿತ್ತರು. ಹೀಗೆ ನ್ಯಾಯಬದ್ಧವಾಗಿ ದಕ್ಕಿದ ಹೆಚ್ಚುವರಿ ವರ್ಷವಾದ 2021ನ್ನು ಕಬ್ಸ್ ತಂಡ ಬಳಸಿಕೊಂಡ ಬಗೆ ಇನ್ನೂ ಸೊಗಸಾಗಿದೆ. ಅದೇ ಜುಲೈ 30ರಂದು ಬ್ರಯಂಟ್ ಅವರನ್ನು ಸ್ಯಾನ್ ಫ್ರಾನ್ಸಿಸ್ಕೊಗೆ ಕೊಟ್ಟು, ಬದಲಿಗೆ ಇಬ್ಬರು ಹೊಸ ಹುಡುಗರನ್ನು ತಂದಿತು. ಆ ಹುಡುಗರೂ ಇನ್ನೂ ಪಕ್ವವಾಗಬೇಕಿತ್ತು ಎಂಬುದನ್ನು ಬೇರೆ ಹೇಳಬೇಕಿಲ್ಲ.

ಬ್ರಯಂಟ್ ಅವರಿಗಾಗಿ ಯಾರೂ ಕಣ್ಣೀರು ಹಾಕಬೇಕಾಗಿಲ್ಲ. ಮರುವರ್ಷ ಕೊಲರಾಡೊ ತಂಡ ಅವರಿಗೆ ಏಳು ವರ್ಷಕ್ಕೆ 18.2 ಕೋಟಿ ಡಾಲರ್ ಒಪ್ಪಿಸಿತು, ಗಾಯಗಳ ದೆಸೆಯಿಂದ ಅವರು ಅಲ್ಲಿ ಆಡಿದ್ದಕ್ಕಿಂತ ಕುಳಿತದ್ದೇ ಹೆಚ್ಚು. ಚಿಂತಿಸಬೇಕಾದದ್ದು ದೊಡ್ಡ ಮೊತ್ತಕ್ಕೆ ಸಹಿ ಹಾಕದೆ ಮೈನರ್ ಲೀಗಿನಲ್ಲಿ ಪಕ್ವವಾಗುತ್ತಿರುವ ಉಳಿದ ಸಾವಿರಾರು ಹುಡುಗರ ವಿಚಾರ. 2021ಕ್ಕೆ ಮೊದಲು ಕೆಳಹಂತದ ಲೀಗಿನ ಆಟಗಾರನ ಕನಿಷ್ಠ ಸಂಬಳ ವಾರಕ್ಕೆ 290 ಡಾಲರ್, ಅದೂ ಋತು ನಡೆಯುವಾಗ ಮಾತ್ರ. ವಸಂತದ ಅಭ್ಯಾಸ ಶಿಬಿರಕ್ಕೆ ಸಂಬಳವೇ ಇರಲಿಲ್ಲ. ಇದು ಕನಿಷ್ಠ ವೇತನ ಕಾಯ್ದೆಗೆ ವಿರುದ್ಧವೆಂದು ಆಟಗಾರರು ನ್ಯಾಯಾಲಯಕ್ಕೆ ಹೋದರು. ಸಂಬಳ ಹೆಚ್ಚಿಸುವುದಕ್ಕಿಂತ ಕಾಯ್ದೆಯನ್ನು ತಿದ್ದುವುದು ಅಗ್ಗವೆಂದು ಕಂಡದ್ದರಿಂದ, 2018ರ ಮಾರ್ಚಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಪುಟಗಳ ಸರ್ಕಾರಿ ವೆಚ್ಚದ ಮಸೂದೆಯ ಹೊಟ್ಟೆಯೊಳಗೆ, ರಾಷ್ಟ್ರದ ನೆಚ್ಚಿನ ಆಟವನ್ನು ಉಳಿಸುವ ಹೆಸರಿನಲ್ಲಿ, ಈ ಹುಡುಗರಿಗೆ ಅಧಿಕ ದುಡಿಮೆಯ ಭತ್ಯೆ ಕೊಡಬೇಕಿಲ್ಲವೆಂಬ ವಿನಾಯಿತಿಯನ್ನು ಸೇರಿಸಲಾಯಿತು. ಯುವ ಪ್ರತಿಭೆಯೇ ನಮ್ಮ ಆಸ್ತಿ ಎಂದು ಮಾಲೀಕರು ಹೇಳುವುದರಲ್ಲಿ ಕಪಟವಿಲ್ಲ. ಆಸ್ತಿಗೆ ಯಾರಾದರೂ ಸಂಬಳ ಕೊಡುತ್ತಾರೆಯೇ? 2022ರಲ್ಲಿ ಮೈನರ್ ಲೀಗ್ ಆಟಗಾರರು ಮೊದಲ ಬಾರಿಗೆ ಸಂಘಟಿತರಾಗಿ 2023ರಲ್ಲಿ ಒಪ್ಪಂದ ಮಾಡಿಕೊಂಡ ಮೇಲೆ ಮೇಲುಹಂತದ ಕನಿಷ್ಠ ಸಂಬಳ ವರ್ಷಕ್ಕೆ 35,800 ಡಾಲರ್ ಆಯಿತು. ಆಟ ಮುಳುಗಲಿಲ್ಲ.

ಕ್ಷೇತ್ರರಕ್ಷಣೆಯ ವಿದ್ಯೆ ಶಿಕಾಗೊಗಷ್ಟೇ ಸೀಮಿತವಲ್ಲ. 2018ರಲ್ಲಿ ಹತ್ತೊಂಬತ್ತರ ವ್ಲಾಡಿಮಿರ್ ಗೆರೆರೊ ಜೂನಿಯರ್ ಮೈನರ್ ಲೀಗುಗಳಲ್ಲಿ .381 ಸರಾಸರಿಯಲ್ಲಿ ಬ್ಯಾಟ್ ಬೀಸುತ್ತಿದ್ದಾಗ, ಮೂರನೇ ಬೇಸಿನ ಕೆಲಸವನ್ನು ಅವರಿನ್ನೂ ಕಲಿಯಬೇಕಿದೆ ಎಂದು ಟೊರಾಂಟೊ ಬ್ಲೂ ಜೇಸ್ ತಂಡ ಅವರನ್ನು ಮೇಲಕ್ಕೆ ಕರೆಯಲಿಲ್ಲ. 2019ರ ಏಪ್ರಿಲ್ 26ರಂದು ಅವರು ಬಂದರು. ಒಂದು ಗಾಯವೂ ಆ ವರ್ಷ ಲೆಕ್ಕಕ್ಕೆ ನೆರವಾಯಿತು. ಅಷ್ಟು ಜತನದಿಂದ ಕಲಿಸಿದ ಮೂರನೇ ಬೇಸಿನಿಂದ ಅವರನ್ನು ಮರುವರ್ಷವೇ ಎತ್ತಿ ಮೊದಲನೇ ಬೇಸಿಗೆ ಹಾಕಲಾಯಿತು. 2025ರಲ್ಲಿ ಅದೇ ತಂಡ ಅವರನ್ನು ಹದಿನಾಲ್ಕು ವರ್ಷ ಉಳಿಸಿಕೊಳ್ಳಲು 50 ಕೋಟಿ ಡಾಲರ್ ತೆರಲು ಒಪ್ಪಿತು.

ಇಷ್ಟು ಕಟ್ಟುನಿಟ್ಟಾಗಿ ಗುಟ್ಟು ಕಾಯುವ ಈ ವೃತ್ತಿಗೆ ಕಳಂಕ ತಂದವರು ಒಬ್ಬರೇ, ಸಿಯಾಟಲ್ ಮ್ಯಾರಿನರ್ಸ್ ತಂಡದ ಅಧ್ಯಕ್ಷರಾಗಿದ್ದ ಕೆವಿನ್ ಮೇದರ್. ಆತ ಮಾಡಿದ ಅಪರಾಧ ಸತ್ಯ ನುಡಿದದ್ದು. 2021ರ ಫೆಬ್ರುವರಿಯಲ್ಲಿ ರೋಟರಿ ಕ್ಲಬ್ಬೊಂದರ ಸದಸ್ಯರೊಡನೆ ವಿಡಿಯೊ ಮೂಲಕ ಹರಟುತ್ತಾ, ಹಿಂದಿನ ವರ್ಷ ಹೊಸ ಹುಡುಗರನ್ನು ಮೇಲಿನ ತಂಡಕ್ಕೆ ಕರೆಯುವ ಪ್ರಶ್ನೆಯೇ ಇರಲಿಲ್ಲ, ಅವರ ಸೇವಾವಧಿಯ ಗಡಿಯಾರ ಓಡುವುದು ನಮಗೆ ಬೇಕಿರಲಿಲ್ಲ ಎಂದು ಅವರು ಧಾರಾಳವಾಗಿ ವಿವರಿಸಿದರು. ಜ್ಯಾರೆಡ್ ಕೆಲೆನಿಕ್ ಎಂಬ ಹುಡುಗನಿಗೆ ದೀರ್ಘ ಒಪ್ಪಂದದ ಆಮಿಷ ತೋರಿಸಿದ್ದನ್ನೂ, ಆತ ಒಲ್ಲೆನೆಂದದ್ದನ್ನೂ, ಹಾಗಾಗಿ ಏಪ್ರಿಲ್ ಸ್ವಲ್ಪ ಸವೆದ ಮೇಲಷ್ಟೇ ಆತ ಮೈದಾನದಲ್ಲಿ ಕಾಣಿಸಿಕೊಳ್ಳುವನೆಂಬುದನ್ನೂ ಹೇಳಿದರು. ಹೂಲಿಯೊ ರೊಡ್ರಿಗಸ್ ಎಂಬ ಡೊಮಿನಿಕನ್ ಯುವಕನ ಇಂಗ್ಲಿಷ್ ಅಷ್ಟಕ್ಕಷ್ಟೇ ಎಂದರು. ಜಪಾನಿನ ಪಿಚರ್ (ಚೆಂಡೆಸೆಯುವ ಆಟಗಾರ) ಒಬ್ಬರ ದುಭಾಷಿಗೆ ವರ್ಷಕ್ಕೆ 75,000 ಡಾಲರ್ ಕೊಟ್ಟು ಸಾಕಾಗಿದೆಯೆಂದೂ ಗೊಣಗಿದರು. ವಿಡಿಯೊ ಹೊರಬಿದ್ದ ಮರುದಿನವೇ ರಾಜೀನಾಮೆ ಕೊಡಬೇಕಾಯಿತು. ಮಿಕ್ಕ ತಂಡಗಳ ಅಧ್ಯಕ್ಷರು ಅಂದು ಪಟ್ಟ ನೋವು ಊಹಿಸಬಹುದಾದದ್ದು. ಮನೆಯೊಳಗಿನ ಮಾತನ್ನು ಬೀದಿಗೆ ಹಾಕಿದವನನ್ನು ಯಾವ ಮನೆತನ ಕ್ಷಮಿಸುತ್ತದೆ?

ಕತೆಯ ಸ್ವಾರಸ್ಯ ಇರುವುದು ಆಮೇಲೆ. ಮೇ ತಿಂಗಳಲ್ಲಿ ಮೇಲೆ ಬಂದ ಕೆಲೆನಿಕ್ ಸತತ 39 ಸಲ ಬ್ಯಾಟ್ ಹಿಡಿದೂ ಒಂದೂ ಹಿಟ್ ಇಲ್ಲದೆ ಜೂನ್‌ನಲ್ಲಿ ಮತ್ತೆ ಕೆಳಗಿಳಿದರು. ವರ್ಷದ ಕೊನೆಗೆ ಅವರ ಸರಾಸರಿ .181. ಅಂದರೆ ಹುಡುಗ ನಿಜಕ್ಕೂ ಸಿದ್ಧನಾಗಿರಲಿಲ್ಲ, ತಂಡದ ಬಾಯಲ್ಲಿ ಬಂದ ನೆಪ ಈ ಒಂದು ಸಲ ಅಪ್ಪಟ ಸತ್ಯವಾಗಿತ್ತು, ಅದನ್ನು ನಂಬುವವರು ಮಾತ್ರ ಯಾರೂ ಉಳಿದಿರಲಿಲ್ಲ. ಇಂಗ್ಲಿಷ್ ಸಾಲದ ರೊಡ್ರಿಗಸ್ 2022ರ ಮೊದಲ ದಿನದಿಂದಲೇ ಆಡಿ, ವರ್ಷದ ಹೊಸ ಆಟಗಾರ ಪ್ರಶಸ್ತಿ ಗೆದ್ದು, 2001ರಿಂದ ಪ್ಲೇಆಫ್ ಮುಖ ಕಾಣದಿದ್ದ ಸಿಯಾಟಲ್ ಅಲ್ಲಿಗೆ ತಲುಪಲು ಹೆಗಲು ಕೊಟ್ಟರು.

ಅಷ್ಟರಲ್ಲಿ ಪಂಚಾಂಗವೇ ಬದಲಾಗಿತ್ತು. 2022ರ ಹೊಸ ಒಪ್ಪಂದದ ಪ್ರಕಾರ, ವರ್ಷದ ಹೊಸ ಆಟಗಾರ ಪ್ರಶಸ್ತಿಯ ಮತದಾನದಲ್ಲಿ ಮೊದಲ ಎರಡು ಸ್ಥಾನ ಪಡೆದ ಅರ್ಹ ಹುಡುಗರಿಗೆ, ಎಷ್ಟೇ ತಡವಾಗಿ ಕರೆಸಿದ್ದರೂ ಪೂರ್ತಿ ವರ್ಷದ ಸೇವೆ ಲೆಕ್ಕಕ್ಕೆ ಸಿಗುತ್ತದೆ. ಹೆಸರಾಂತ ಹೊಸಬನನ್ನು ಆರಂಭದಿಂದಲೇ ಆಡಿಸಿ ಆತ ಪ್ರಶಸ್ತಿ ಗೆದ್ದರೆ ತಂಡಕ್ಕೂ, ಹೊಸ ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುವ ಮುಂದಿನ ಡ್ರಾಫ್ಟಿನಲ್ಲಿ ಒಂದು ಹೆಚ್ಚುವರಿ ಆಯ್ಕೆಯ ಬಹುಮಾನ. ಒಳ್ಳೆಯ ಆಟಗಾರನನ್ನು ಆಡಿಸಿದ್ದಕ್ಕೆ ತಂಡಕ್ಕೆ ಬಹುಮಾನ ಕೊಡಬೇಕಾಗಿ ಬಂದ ಆಟ ಪ್ರಪಂಚದಲ್ಲಿ ಇನ್ನೊಂದಿದ್ದರೆ ತಿಳಿದವರು ಹೇಳಬೇಕು.

ಇಂಥ ಸುಲಭ ಬಹುಮಾನಕ್ಕೆ ಮರುಳಾಗದ ತಂಡವೂ ಇದೆ. ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡಕ್ಕೆ ಯುವಕರಲ್ಲಿರುವ ನಂಬಿಕೆ ಎಷ್ಟೆಂದರೆ, ಬೇಸ್‌ಬಾಲನ್ನೇ ಆಡಿರದ, ಉತ್ತರ ಪ್ರದೇಶದಲ್ಲಿ ಜಾವೆಲಿನ್ ಎಸೆಯುತ್ತಿದ್ದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಎಂಬ ಇಬ್ಬರನ್ನು ಟಿವಿ ಸ್ಪರ್ಧೆಯೊಂದರ ಬಲದ ಮೇಲೆ 2008ರಲ್ಲಿ ಸೇರಿಸಿಕೊಂಡ ತಂಡ ಅದು. 2015ರ ನಂತರ 2025ರ ತನಕ ಪ್ಲೇಆಫ್ ತಲುಪದ ಈ ತಂಡಕ್ಕೆ 2023ರ ಡ್ರಾಫ್ಟಿನಲ್ಲಿ ಮೊದಲ ಆಯ್ಕೆಯಾಗಿ ದೊರೆತ ಪಿಚರ್ ಪಾಲ್ ಸ್ಕೀನ್ಸ್. 2024ರ ಆರಂಭದಲ್ಲಿ ಅವರನ್ನು ಇಂಡಿಯಾನಾಪೊಲಿಸ್‌ನ ಮೈನರ್ ಲೀಗ್ ತಂಡಕ್ಕೆ ಕಳುಹಿಸಲಾಯಿತು. ಪಿಚರ್‌ಗೆ ಕ್ಷೇತ್ರರಕ್ಷಣೆಯ ನೆಪ ಹೊಂದುವುದಿಲ್ಲವಾದ್ದರಿಂದ ಎಸೆತಗಳ ಭಾರವನ್ನು ಹಂತಹಂತವಾಗಿ ಏರಿಸುವ ಕಾರಣ ಬಂತು. ಅಲ್ಲಿ ಅವರು ಒಂಬತ್ತು ಇನಿಂಗ್ಸಿಗೆ ಸರಾಸರಿ 0.99 ರನ್ ಬಿಟ್ಟುಕೊಟ್ಟರು. ಮೇ 11ರಂದು ಮೇಲಕ್ಕೆ ಬಂದು, ಎರಡು ತಿಂಗಳಲ್ಲಿ ಆಯ್ದ ತಾರೆಯರ ಆಲ್‌ಸ್ಟಾರ್ ಪಂದ್ಯದಲ್ಲಿ ನ್ಯಾಷನಲ್ ಲೀಗಿನ ಆರಂಭಿಕ ಪಿಚರ್ ಆಗಿ, ವರ್ಷದ ಕೊನೆಗೆ ಹೊಸ ಆಟಗಾರ ಪ್ರಶಸ್ತಿಯನ್ನೂ ಪಡೆದರು. ಪರಿಣಾಮವಾಗಿ ಸೇವೆಯ ವರ್ಷ ಪೂರ್ತಿ ಅವರ ಪಾಲಾಯಿತು. ತಡವಾಗಿ ಕರೆಸಿದ್ದರಿಂದ ತಂಡಕ್ಕೆ ಡ್ರಾಫ್ಟಿನ ಬಹುಮಾನವೂ ತಪ್ಪಿತು. ಮುಹೂರ್ತವೂ ಮೀರಿತು, ಊಟವೂ ಸಿಗಲಿಲ್ಲ.

2025ರಲ್ಲಿ ಸ್ಕೀನ್ಸ್ 1.97ರ ಸರಾಸರಿಯಲ್ಲಿ ಎಸೆದು, ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯನ್ನು ಸರ್ವಾನುಮತದಿಂದ ಗೆದ್ದರು. ಅವರ ಹೆಸರಿನಲ್ಲಿ ದಾಖಲಾದ ಗೆಲುವು ಹತ್ತು, ಸೋಲೂ ಹತ್ತು. ಎದುರಾಳಿಗಳಿಗೆ ರನ್ ಕೊಡದಿರುವ ಕೆಲಸವನ್ನು ಅವರು ಮಾಡಿದರೂ, ತಮ್ಮವರಿಗಾಗಿ ರನ್ ಗಳಿಸುವ ಕೆಲಸಕ್ಕೆ ಪಿಟ್ಸ್‌ಬರ್ಗ್‌ನಲ್ಲಿ ಯಾರನ್ನೂ ನೇಮಿಸಿಕೊಂಡಂತಿರಲಿಲ್ಲ. ತಂಡ 91 ಪಂದ್ಯ ಸೋತು ತನ್ನ ವಿಭಾಗದ ತಳದಲ್ಲಿ ನಿಂತಿತು. ಸ್ಕೀನ್ಸ್ ಅವರ ಆ ವರ್ಷದ ಸಂಬಳ 8,75,000 ಡಾಲರ್. ಇದೇ ಲೆಕ್ಕ ನಡೆದರೆ 2029ರ ಋತುವಿನ ನಂತರ ಅವರು ಸ್ವತಂತ್ರರು. ಅದಕ್ಕೆ ಮುಂಚೆ ಅವರನ್ನು ಯಾವುದಾದರೂ ಸಿರಿವಂತ ತಂಡಕ್ಕೆ ದಾಟಿಸಿ, ಬದಲಿಗೆ ನಾಲ್ಕೈದು ಭರವಸೆಯ ಹುಡುಗರನ್ನು ತರುವ ದಿನವನ್ನು ಪಿಟ್ಸ್‌ಬರ್ಗ್ ಈಗಲೇ ಗುರುತು ಹಾಕಿಟ್ಟಿದ್ದರೆ ಅಚ್ಚರಿಯಿಲ್ಲ. ಆ ಹುಡುಗರು ಸದ್ಯ ಹೈಸ್ಕೂಲಿನಲ್ಲಿ ಓದುತ್ತಿರಬಹುದು. ಪ್ರತಿಭಾವಂತರೇ, ಸಂದೇಹವಿಲ್ಲ, ಕ್ಷೇತ್ರರಕ್ಷಣೆಯಲ್ಲಿ ಮಾತ್ರ ಇನ್ನೂ ಸ್ವಲ್ಪ ಸುಧಾರಿಸಬೇಕಿದೆ.