ಗೋಡೆಯ ಒಳಗಿರುವ ಕಿವಿಗೂ ಕಾನೂನು ಬೇಕು

ಜ್ಯೂರಿಕ್‌ನಲ್ಲಿ ಕ್ಲಬ್ಬಿನ ಒಳಗೆ ಕಾಲಿಡುವಾಗ ಬಾಗಿಲ ಹತ್ತಿರ ಒಂದು ಫಲಕ ಇರುತ್ತದೆ. ಇಲ್ಲಿನ ಸದ್ದಿನಿಂದ ನಿಮ್ಮ ಕಿವಿಗೆ ಹಾನಿ ಆಗಬಹುದು ಅಂತ ಅದರಲ್ಲಿ ನೇರವಾಗಿ ಬರೆದಿರುತ್ತಾರೆ. ಅಲ್ಲೇ ಎಲ್ಲೋ, ಇಲ್ಲಾ ಬಾರ್ ಕೌಂಟರಿನ ಮೇಲೆ, ಇಯರ್‌ಪ್ಲಗ್ ಇಟ್ಟಿರುತ್ತಾರೆ. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ದುಡ್ಡು ಕೊಡಬೇಕಿಲ್ಲ. ಇದು ಮಾಲೀಕರ ಧಾರಾಳತನವಲ್ಲ. ಸ್ವಿಟ್ಜರ್ಲೆಂಡಿನ ಕಾನೂನು.

ಈಗಿನ ನಿಯಮ ಜಾರಿಗೆ ಬಂದದ್ದು 2019ರ ಜೂನ್‌ನಲ್ಲಿ. ಸ್ಪೀಕರ್ ಹಾಕಿ ನಡೆಸುವ ಕಾರ್ಯಕ್ರಮದಲ್ಲಿ ಸದ್ದಿನ ಒಂದು ಗಂಟೆಯ ಸರಾಸರಿ 93 ಡೆಸಿಬಲ್ ದಾಟುವ ಹಾಗಿದ್ದರೆ ಮೊದಲೇ ಸರ್ಕಾರಕ್ಕೆ ತಿಳಿಸಬೇಕು. ಫಲಕ ಹಾಕಬೇಕು, ಇಯರ್‌ಪ್ಲಗ್ ಕೊಡಬೇಕು, ಸದ್ದನ್ನು ಅಳೆಯುತ್ತಿರಬೇಕು. ಸರಾಸರಿ 100ರ ಮೇಲೆ ಹೋಗುವ ಹಾಗೇ ಇಲ್ಲ. 96 ದಾಟಿ, ಮೂರು ಗಂಟೆಗಿಂತ ಜಾಸ್ತಿ ಹೊತ್ತು ನಡೆಯುವುದಾದರೆ ಇಡೀ ರಾತ್ರಿಯ ಅಳತೆ ದಾಖಲಾಗಬೇಕು. ಜೊತೆಗೆ ಜನ ಹೋಗಿ ಕಿವಿಗೆ ಬಿಡುವು ಕೊಡಲು 85 ಡೆಸಿಬಲ್ ಮೀರದ ಜಾಗ ಬೇಕು. ಒಂದು ಮೂಲೆ ಬಿಟ್ಟರೆ ಸಾಲದು, ಒಟ್ಟು ಜಾಗದ ಹತ್ತನೇ ಒಂದು ಪಾಲಾದರೂ ಇರಬೇಕು.

ನಮ್ಮಲ್ಲೂ ಸದ್ದಿಗೆ ಕಾನೂನು ಇದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕಬಾರದು. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್. ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ ನಿಶ್ಶಬ್ದ ವಲಯ. ಒಳ್ಳೆಯ ನಿಯಮವೇ, ಪಾಲಿಸಿದರೆ. ಆದರೆ ಇದನ್ನು ಕೂತು ಓದಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಇದರಲ್ಲಿ ಅಳತೆ ನಡೆಯುವುದು ಜಾಗದ ಗಡಿಯಲ್ಲಿ. ಲೆಕ್ಕಕ್ಕೆ ಬರುವುದು ಪಕ್ಕದ ಮನೆಯವರ ನಿದ್ದೆ. ಮುಚ್ಚಿದ ಸಭಾಂಗಣಗಳ ಒಳಗೆ ರಾತ್ರಿಯ ನಿಷೇಧವೂ ಇಲ್ಲ. ಗೋಡೆಗೆ ದಪ್ಪಗೆ ಸೌಂಡ್‌ಪ್ರೂಫ್ ಮಾಡಿಸಿ, ಹೊರಗೆ ಪಿಸುಮಾತೂ ಕೇಳದ ಹಾಗೆ ನೋಡಿಕೊಂಡರೆ, ಒಳಗೆ ಕುಣಿಯುತ್ತಿರುವ ಇಪ್ಪತ್ತರ ಹುಡುಗಿಯ ಕಿವಿಗೆ ಎಷ್ಟು ಬಿತ್ತು ಅಂತ ಈ ನಿಯಮ ಕೇಳುವುದೇ ಇಲ್ಲ.

ಪಕ್ಕದ ಮನೆಯವರಿಗೆ ಆಗುವುದು ಕಿರಿಕಿರಿ, ಕೆಟ್ಟ ನಿದ್ದೆ. ಅದೂ ದೊಡ್ಡದೇ. ಆದರೆ ಒಳಗಿದ್ದವರಿಗೆ ಆಗುವುದು ವಾಪಸ್ ಬಾರದ ನಷ್ಟ. ಒಳಗಿವಿಯಲ್ಲಿ ಸದ್ದನ್ನು ಹಿಡಿಯುವ ರೋಮಕೋಶಗಳು ಇರುವುದು ಕಿವಿಗೆ ಸುಮಾರು ಹದಿನೈದು ಸಾವಿರ. ಸತ್ತ ಕೋಶದ ಜಾಗಕ್ಕೆ ಮನುಷ್ಯರಲ್ಲಿ ಹೊಸದು ಹುಟ್ಟುವುದಿಲ್ಲ. ಸಾಮಾನ್ಯವಾಗಿ ಮೊದಲು ಹೋಗುವುದು 4000 ಹರ್ಟ್ಸ್ ಆಸುಪಾಸಿನ, ಅಂದರೆ ತಾರಸ್ಥಾಯಿಯ, ಸದ್ದನ್ನು ಹಿಡಿಯುವ ಶಕ್ತಿ. ಹಾಗಾಗಿ ಕೆಲವರಿಗೆ ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲ. ಮಾತು ಕೇಳಿಸುತ್ತದೆ, ಆದರೆ ಗದ್ದಲದ ನಡುವೆ ಬಿಡಿಸಿಕೊಳ್ಳಲು ಆಗುವುದಿಲ್ಲ. ಸ, ಶ, ಟ, ತ ಎಲ್ಲ ಒಂದರೊಳಗೊಂದು ಸೇರಿಹೋಗುತ್ತವೆ. ಬೆಳಗಿನ ಜಾವ ಕಿವಿಯೊಳಗೆ ಗುಂಯ್ ಅನ್ನುವುದನ್ನು ಒಳ್ಳೆ ಪಾರ್ಟಿಯ ಗುರುತು ಅಂತ ಹೇಳುವವರನ್ನು ಜ್ಯೂರಿಕ್‌ನಲ್ಲೂ ಬೆಂಗಳೂರಿನಲ್ಲೂ ಕೇಳಿದ್ದೇನೆ. ಅದು ಕಿವಿಗೆ ಪೆಟ್ಟು ಬಿದ್ದ ಗುರುತು. ಮರುದಿನ ಅದು ನಿಂತರೂ ಒಳಗಿನ ಪೆಟ್ಟು ಪೂರ್ತಿ ಮಾಸಿದೆ ಅಂತ ಅಲ್ಲ.

ಸ್ವಿಸ್ ನಿಯಮವೇ ಕೊನೆಮಾತು ಅಂತ ನಾನು ಹೇಳುತ್ತಿಲ್ಲ. ನನ್ನ ಪ್ರಕಾರ 100 ಜಾಸ್ತಿಯೇ. ಡೆಸಿಬಲ್ ಲೆಕ್ಕದಲ್ಲಿ 3 ಏರಿದರೆ ಕಿವಿಗೆ ಬೀಳುವ ಶಕ್ತಿ ಎರಡರಷ್ಟಾಗುತ್ತದೆ, ತಡೆದುಕೊಳ್ಳುವ ಹೊತ್ತು ಅರ್ಧಕ್ಕೆ ಇಳಿಯುತ್ತದೆ. ಕೆಲಸದ ಜಾಗಗಳಿಗೆ ಕೆಲಸಗಾರರ ಆರೋಗ್ಯ, ಸುರಕ್ಷತೆ ನೋಡುವ ಅಮೆರಿಕದ ನಿಯೋಶ್ (NIOSH) ಸಂಸ್ಥೆ ಶಿಫಾರಸು ಮಾಡುವ ಅಳತೆ 85 ಡೆಸಿಬಲ್‌ಗೆ ಎಂಟು ಗಂಟೆ. ಹಾಗೆ ಇಳಿಯುತ್ತಾ ಬಂದರೆ 100 ಡೆಸಿಬಲ್‌ಗೆ ಸಿಗುವುದು ಹದಿನೈದೇ ನಿಮಿಷ. ಕ್ಲಬ್ಬಿನಲ್ಲಿ ಜನ ನಾಲ್ಕೈದು ಗಂಟೆ ಇರುತ್ತಾರೆ. ಬಾರಿನ ಹುಡುಗರು, ಡಿಜೆಗಳು ವಾರ ವಾರವೂ ಇರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಕೊಟ್ಟ ಮಾನದಂಡವೂ 100ರಲ್ಲೇ ನಿಲ್ಲುತ್ತದೆ, ಹದಿನೈದು ನಿಮಿಷದ ಸರಾಸರಿ ಹಿಡಿದು. ಅದಕ್ಕೇ ಇಯರ್‌ಪ್ಲಗ್ ಮತ್ತು ಬಿಡುವಿನ ಜಾಗ ಬೇಕೇ ಬೇಕು ಅಂತ ಅದೂ ಹೇಳುತ್ತದೆ.

ನಾನೂ ಇಲ್ಲಿ ಜ್ಯೂರಿಕ್‌ನಲ್ಲಿ ಆಗಾಗ ರಾತ್ರಿ ಡಿಜೆ ಬೂತಿನಲ್ಲಿ ನಿಲ್ಲುತ್ತೇನೆ. ಹಾಡುಗಳನ್ನು ಬೆರೆಸುವ ಮಿಕ್ಸರ್ ಪಕ್ಕದಲ್ಲಿ ಸಣ್ಣ ಪರದೆ, ಅದರಲ್ಲಿ ಗಂಟೆಯ ಸರಾಸರಿ ಓಡುತ್ತಿರುತ್ತದೆ. ಇದು ತಿಂಗಳ ಸಂಬಳ ಇದ್ದ ಹಾಗೆ. ಮೊದಲ ವಾರದಲ್ಲೇ ಖರ್ಚು ಮಾಡಿದರೆ ಆಮೇಲೆ ಕೈ ಬಿಗಿ. ಶುರುವಿನಲ್ಲೇ ಜೋರು ಮಾಡಿದವನಿಗೆ ಜನ ತುಂಬಿದಾಗ ಏರಿಸಲು ಜಾಗವೇ ಇರುವುದಿಲ್ಲ. ಇದರಿಂದ ಸಂಗೀತ ಸತ್ತುಹೋಗುತ್ತದೆ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. 92ರಲ್ಲಿ ಒಂದು ತಾಸು ನುಡಿಸಿ 98ಕ್ಕೆ ಏರಿಸಿದಾಗ ಡಾನ್ಸ್ ಫ್ಲೋರ್ ಎದ್ದು ನಿಲ್ಲುವುದನ್ನು ನೋಡಬೇಕು. ಪರದೆ ಇಲ್ಲದ ಕಡೆ ಏನಾಗುತ್ತದೆ? ಕಿವಿ ದಣಿಯುತ್ತಾ ಹೋಗುತ್ತದೆ, ಅದೇ ಸದ್ದು ಕಮ್ಮಿ ಅನಿಸುತ್ತದೆ, ಕೈ ತಾನಾಗಿ ನಾಬ್ ಮೇಲೆ ಹೋಗುತ್ತದೆ. ಬೆಂಗಳೂರಿಗೆ ಬಂದಾಗ ನೋಡುವುದು ಇದನ್ನೇ. ನಡುರಾತ್ರಿಯ ಹೊತ್ತಿಗೆ ಮಿಕ್ಸರ್‌ನ ಕೆಂಪು ದೀಪ ಆರುವುದೇ ಇಲ್ಲ. ಸದ್ದು ಒಡೆದು ಕರ್ಕಶವಾದರೂ ಇನ್ನೂ ಏರಿಸಿ ಅಂತ ಕೂಗು.

ಡಿಜೆಗಳಿಗೆ ಒಂದು ಮಾತು ಬಿಡಿಸಿ ಹೇಳಬೇಕು. ನಮ್ಮ ಕಿವಿಗೆ ಹೆಚ್ಚು ಹೊಡೆತ ಕೊಡುವುದು ಬೂತಿನ ಮಾನಿಟರ್ (ಡಿಜೆಗೆ ಕೇಳಲೆಂದೇ ಇಟ್ಟ ಸ್ಪೀಕರ್) ಮತ್ತು ಹೆಡ್‌ಫೋನ್ ನಡುವಿನ ಜಗಳ. ಮಾನಿಟರ್ ಜೋರಾಗಿದ್ದರೆ ಮುಂದಿನ ಹಾಡು ಹೆಡ್‌ಫೋನಿನಲ್ಲಿ ಕೇಳಿಸುವುದಿಲ್ಲ. ಆಗ ಹೆಡ್‌ಫೋನ್ ಏರಿಸುತ್ತೇವೆ, ಆಮೇಲೆ ಮಾನಿಟರ್. ಇದನ್ನು ಮುರಿಯಬೇಕಾದರೆ ಮಾನಿಟರ್‌ನಿಂದಲೇ ಶುರು ಮಾಡಬೇಕು. ಅದನ್ನು ಹತ್ತಿರ ತಂದು ಕಿವಿಯ ಎತ್ತರಕ್ಕೆ ಇಟ್ಟರೆ ಕಮ್ಮಿ ಸದ್ದೇ ಸಾಕಾಗುತ್ತದೆ. ಬೀಟ್ ಹೊಂದಿಸುವಾಗ ಮಾತ್ರ ಏರಿಸಿ, ಮಿಕ್ಕ ಹೊತ್ತು ಇಳಿಸಿಡಿ. ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನ್ ಹಾಕಿ. ಮಿಕ್ಸರ್‌ನಲ್ಲಿ ಸ್ಪ್ಲಿಟ್ ಕ್ಯೂ ಇದ್ದರೆ ಬಳಸಿ, ಒಂದು ಕಿವಿಗೆ ಈಗಿನ ಹಾಡು, ಇನ್ನೊಂದಕ್ಕೆ ಮುಂದಿನದು, ಎರಡೂ ಹೆಡ್‌ಫೋನಿನೊಳಗೇ ಸಿಗುತ್ತವೆ. ಹೆಡ್‌ಫೋನನ್ನು ಒಂದೇ ಕಿವಿಗೆ ಹಿಡಿಯುವುದಾದರೆ ಬಿಟ್ಟ ಕಿವಿಗೆ ಪ್ಲಗ್ ಇರಲಿ.

ಪ್ಲಗ್ ಹಾಕಿದರೆ ಹಾಡು ಮಂಕಾಗುತ್ತದೆ ಅನ್ನುವುದು ಎಲ್ಲರ ದೂರು. ಫೋಮ್ ಪ್ಲಗ್ ಬಗ್ಗೆ ಅದು ನಿಜ, ಅದು ತಾರಸ್ಥಾಯಿಯನ್ನು ಜಾಸ್ತಿ ತಡೆಯುತ್ತದೆ. ಇಲ್ಲಿ ಉಚಿತವಾಗಿ ಕೊಡುವುದೂ ಹೆಚ್ಚಾಗಿ ಅದನ್ನೇ. ತುಂಬಾ ಜನ ಅದನ್ನು ಅರ್ಧ ಹೊರಗೆ ಇಣುಕುವ ಹಾಗೆ ಇಟ್ಟುಕೊಂಡಿರುತ್ತಾರೆ. ಅದರಿಂದ ಪ್ರಯೋಜನ ಅಷ್ಟಕ್ಕಷ್ಟೆ. ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ ಹಿಂದಕ್ಕೆ ಎಳೆದು, ಒಳಗೆ ತೂರಿಸಿ, ಅದು ಉಬ್ಬುವವರೆಗೆ ಅರ್ಧ ನಿಮಿಷ ಹಿಡಿದಿರಬೇಕು. ಪದೇ ಪದೇ ಕ್ಲಬ್ಬಿಗೆ ಹೋಗುವವರಿಗೆ ಸಂಗೀತಗಾರರ ಫಿಲ್ಟರ್ ಪ್ಲಗ್ ಒಳ್ಳೆಯದು. ಎಲ್ಲ ಸ್ಥಾಯಿಯನ್ನೂ ಹೆಚ್ಚುಕಮ್ಮಿ ಒಂದೇ ಸಮ ಇಳಿಸುತ್ತದೆ, ಹಾಡು ಹಾಡಾಗಿಯೇ ಉಳಿಯುತ್ತದೆ. ಡಿಜೆಗಳಾದರೆ ಕಿವಿಯ ಅಚ್ಚು ತೆಗೆಸಿ ಮಾಡಿಸಿಕೊಳ್ಳುವುದೇ ಸರಿ.

ಮಾತು ಮತ್ತು ಕಿವಿಯ ವಿಷಯಕ್ಕೇ ಮೀಸಲಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದು ನಮ್ಮ ಮೈಸೂರಿನಲ್ಲಿ. ತಿಳಿದವರಿಗೆ ನಮ್ಮಲ್ಲಿ ಕೊರತೆ ಇಲ್ಲ. ಕ್ಲಬ್ಬಿಗೆ ಲೈಸೆನ್ಸ್ ಕೊಡುವಾಗ ಬೆಂಕಿ ಆರಿಸುವ ವ್ಯವಸ್ಥೆ ಇದೆಯಾ ಅಂತ ಕೇಳುತ್ತಾರಲ್ವಾ? ಅದೇ ಅರ್ಜಿಯಲ್ಲಿ ಇನ್ನೂ ಮೂರು ಸಾಲು ಸೇರಲಿ. ಬೂತಿನಲ್ಲಿ ಡೆಸಿಬಲ್ ಮೀಟರ್ ಇದೆಯೇ, ಬಾಗಿಲಲ್ಲಿ ಇಯರ್‌ಪ್ಲಗ್ ಕೊಡುತ್ತೀರಾ, ಕಿವಿಗೆ ಬಿಡುವು ಕೊಡಲು ಜಾಗ ಎಲ್ಲಿದೆ.