ಮೂರೇ ಮೂರು ಅಜಿತ್ರೋ

ಮೂಗು ಸೋರಲು ಶುರುವಾದರೆ ನಮ್ಮ ಬೀದಿಯಲ್ಲಿ ಯಾರೂ ಡಾಕ್ಟರ ಹತ್ತಿರ ಹೋಗುವುದಿಲ್ಲ. ಮೆಡಿಕಲ್ ಶಾಪಿನ ಗಾಜಿನ ಮೇಜಿಗೆ ಮೊಣಕೈ ಊರಿ ‘ಮೂರು ಅಜಿತ್ರೋ ಕೊಡಿ’ ಅಂದರೆ ಆಯಿತು, ಅಜಿತ್ರೋಮೈಸಿನ್ ಅನ್ನೋ ಆಂಟಿಬಯೋಟಿಕ್ ಮಾತ್ರೆ ಕೈಗೆ. ಎಳನೀರಿನವನಾದರೂ ‘ನೀರಾ, ಗಂಜಿನಾ’ ಅಂತ ಕೇಳುತ್ತಾನೆ. ಇಲ್ಲಿ ಅದೂ ಇಲ್ಲ.

ನೆಗಡಿ ತರುವುದು ವೈರಸ್. ಅಜಿತ್ರೋಮೈಸಿನ್ ಹೊಡೆಯುವುದು ಬ್ಯಾಕ್ಟೀರಿಯಾದ ರೈಬೋಸೋಮನ್ನು, ಅಂದರೆ ಅದು ಪ್ರೋಟೀನ್ ಬೇಯಿಸಿಕೊಳ್ಳುವ ಒಲೆಯನ್ನು. ವೈರಸ್‌ಗೆ ಸ್ವಂತ ಒಲೆಯೇ ಇಲ್ಲ. ನಮ್ಮ ಜೀವಕೋಶದ ಅಡುಗೆಮನೆಗೇ ನುಗ್ಗಿ ಉಣ್ಣುವ ನೆಂಟ ಅದು. ಇದನ್ನು ಭಾವಮೈದನಿಗೆ ಹೇಳಿದೆ. ಅವನು ವಾಟ್ಸಾಪಿನಲ್ಲಿ ಪದವಿ ಮುಗಿಸಿದವನು. ‘ವೈರಸ್ ಕೊಲ್ಲೋಕಲ್ಲ ಭಾವ, ಅದು ಬಿಳಿ ರಕ್ತಕಣದೊಳಗೆ ಹೋಗಿ ಕೂತ್ಕೊಳ್ಳತ್ತೆ. ಇಮ್ಯೂನಿಟಿಗೆ ಬುದ್ಧಿ ಹೇಳತ್ತೆ’ ಅಂದ.

ತಮಾಷೆ ಏನಂದರೆ, ಇದು ಅರ್ಧ ನಿಜ. ಈ ಔಷಧಿ ರಕ್ತದಲ್ಲಿ ಇರುವುದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಬಿಳಿ ರಕ್ತಕಣಗಳಲ್ಲಿ ಸೇರಿಕೊಳ್ಳುತ್ತದೆ. ಕೆಲವು ಹಳೇ ಶ್ವಾಸಕೋಶದ ಕಾಯಿಲೆಗಳಲ್ಲಿ ಉರಿಯೂತವನ್ನೂ ತಗ್ಗಿಸುತ್ತದೆ. ಹಾಗಾಗಿ ಕೋವಿಡ್ ಬಂದಾಗ ದೊಡ್ಡ ದೊಡ್ಡ ಡಾಕ್ಟರುಗಳೇ ಆಸೆಪಟ್ಟರು. ಬ್ರಿಟನ್ನಿನ ‘ರಿಕವರಿ’ ಅನ್ನೋ ಕೋವಿಡ್ ಔಷಧಿ ಪ್ರಯೋಗದಲ್ಲಿ ಆಸ್ಪತ್ರೆ ಸೇರಿದ್ದ 2,582 ಮಂದಿಗೆ ಇದನ್ನು ಕೊಟ್ಟರು, 5,181 ಮಂದಿಗೆ ಕೊಡಲಿಲ್ಲ. 28 ದಿನದೊಳಗೆ ತೀರಿಕೊಂಡವರು ಅಲ್ಲೂ ನೂರಕ್ಕೆ 22, ಇಲ್ಲೂ ನೂರಕ್ಕೆ 22. 2021ರ ಫೆಬ್ರವರಿಯಲ್ಲಿ ಇದು ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಯಿತು. ಏಪ್ರಿಲ್‌ನಲ್ಲಿ ನಮ್ಮಲ್ಲಿ ಎರಡನೇ ಅಲೆ. ನಮ್ಮ ಫ್ಯಾಮಿಲಿ ಗ್ರೂಪಿಗೆ ಬಂದ ‘ಮನೆಯಲ್ಲಿ ಇಟ್ಟುಕೊಳ್ಳಿ’ ಪಟ್ಟಿಯಲ್ಲಿ ಮೊದಲ ಹೆಸರು ಯಾವುದು ಅಂತ ಬೇರೆ ಹೇಳಬೇಕಾ? ಶುಂಠಿ ಕಷಾಯಕ್ಕೆ ಆರನೇ ಸ್ಥಾನ.

ಇನ್ನು ಆ ಕೆಂಪು ಗೆರೆ. ಸ್ಟ್ರಿಪ್ ಮೇಲೆ ಅದಿದ್ದರೆ ಡಾಕ್ಟರ ಚೀಟಿ ಇಲ್ಲದೆ ತಗೋಬೇಡಿ ಅಂತ 2016ರಲ್ಲಿ ಕೇಂದ್ರ ಸರ್ಕಾರ ಪ್ರಚಾರವನ್ನೇ ಶುರುಮಾಡಿತು. ನಮ್ಮವರು ಅದನ್ನು ಡಿಸೈನ್ ಅಂದುಕೊಂಡರು. ಜಿರಳೆಗೆ ಎಳೆಯುವ ಲಕ್ಷ್ಮಣ ರೇಖೆ ಚಾಕ್‌ಪೀಸಿಗೇ ಇದಕ್ಕಿಂತ ಜಾಸ್ತಿ ಮರ್ಯಾದೆ ಇದೆ. ಈ ನಡುವೆ ನಮ್ಮ ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾಗಳು ಪ್ರತಿ ನೆಗಡಿಗೂ ಈ ಔಷಧಿಗೆ ಬಗ್ಗದಿರುವ ಪುಕ್ಕಟೆ ಕೋಚಿಂಗ್ ಪಡೆಯುತ್ತಿವೆ. ಈ ಔಷಧಿ ನಿಜಕ್ಕೂ ಬೇಕಾದ ದಿನ ಅವುಗಳ ರ‍್ಯಾಂಕ್ ಗೊತ್ತಾಗಬಹುದು.

ನಿನ್ನೆ ಹತ್ತಿ ತರಲು ಅದೇ ಮೆಡಿಕಲ್ ಶಾಪಿಗೆ ಹೋಗಿದ್ದೆ. ರಸ್ತೆ ಅಗೆದ ಧೂಳಿಗೆ ಸುಮ್ನೆ ಒಂದು ಸೀನು ಬಂತು. ಅಂಗಡಿಯವನು ತಲೆ ಎತ್ತಲಿಲ್ಲ. ಡಬ್ಬದಿಂದ ಸ್ಟ್ರಿಪ್ ಎಳೆದ.

‘ಎರಡು ಸಾಕಲ್ವಾ ಸಾರ್?’

ಕತ್ತರಿ ಸೀದಾ ಕೆಂಪು ಗೆರೆಯ ಮೇಲೇ ಹೋಯಿತು.