ಕೊಬ್ಬರಿ ಮೇಲ್ ಜೊತೆ ಮದುವೆ ವಿಡಿಯೋ

ತಿಪಟೂರಿನಿಂದ ಕೊಬ್ಬರಿ ತರಿಸಿ ಡೆಲ್ಲಿ ಕಡೆ ಕಳಿಸುವ ಯಜಮಾನರೊಬ್ಬರ ಆಫೀಸು ತುಮಕೂರಿನ ಬಿ.ಎಚ್. ರಸ್ತೆಯಲ್ಲಿದೆ. ಅವರ ಹಳೇ ಮೇಲ್‌ಗಳೆಲ್ಲ ಔಟ್‌ಲುಕ್‌ನ ಪಿಎಸ್‌ಟಿ ಫೈಲುಗಳಲ್ಲಿ ಬಿದ್ದಿದ್ದವು. ಯಾವ ಪಾರ್ಟಿ ಯಾವ ರೇಟಿಗೆ ಒಪ್ಪಿದ್ದ ಅನ್ನೋ ಜಗಳ ಬಂದಾಗೆಲ್ಲ ಅವು ಬೇಕೇ ಬೇಕು, ಹಾಗಾಗಿ ಎಲ್ಲವನ್ನೂ ಮೈಕ್ರೋಸಾಫ್ಟ್ 365ರ ಆನ್‌ಲೈನ್ ಮೇಲ್‌ಬಾಕ್ಸಿಗೆ ಏರಿಸೋದು ಅಂತಾಯ್ತು. ಆಫೀಸಿನ ಹುಡುಗ ಅಝ್‌ಕಾಪಿ ಅನ್ನೋ ಸಾಫ್ಟ್‌ವೇರ್ ಹಾಕಿ ರಾತ್ರಿಯಿಡೀ ಮೈಕ್ರೋಸಾಫ್ಟ್‌ನ ಆನ್‌ಲೈನ್ ಗೋಡೌನಿಗೆ ಅಪ್‌ಲೋಡ್ ಮಾಡಿದ. ಅಲ್ಲಿಂದ ಮೇಲ್‌ಬಾಕ್ಸಿಗೆ ಎಳೆಯೋಕೆ ಬೆಳಿಗ್ಗೆ ಇಂಪೋರ್ಟ್ ಕೊಟ್ಟರೆ, ಫೈಲೇ ಇಲ್ಲವಂತೆ!

"ಕಳಿಸಿದ್ದೀನಿ ಅಣ್ಣ, 100 ಪರ್ಸೆಂಟ್ ತೋರಿಸ್ತು" ಅಂತ ಹುಡುಗ ಆಣೆ ಹಾಕಿದ. ಯಜಮಾನರು ಮೊದಲು ನೆಟ್‌ನವರನ್ನು ಬೈದರು, ಆಮೇಲೆ ಕರೆಂಟಿನವರನ್ನು, ಕೊನೆಗೆ ನನ್ನ ಕಡೆ ನೋಡಿದರು. ಇಂಥ ಹೊತ್ತಲ್ಲಿ ಸುಮ್ನೆ ವಾದ ಮಾಡಬಾರದು, ಗೋಡೌನ್ ಬಾಗಿಲು ತೆಗೆದು ಮೂಟೆ ನೋಡಬೇಕು. ಅಲ್ಲಿ ಬಿದ್ದಿರೋ ಫೈಲುಗಳನ್ನು ತೋರಿಸುವ ಸ್ಟೋರೇಜ್ ಎಕ್ಸ್‌ಪ್ಲೋರರ್ ತೆರೆದೆ. ಅದಕ್ಕೆ ಎಸ್‌ಎಎಸ್ ಯುಆರ್‌ಎಲ್, ಅಂದರೆ ಆ ಗೋಡೌನಿನ ಬೀಗದ ಕೈಯಂಥ ಲಿಂಕು, ಬೇಕು. ಪಾಸ್‌ವರ್ಡಿನಷ್ಟೇ ಗುಟ್ಟಾಗಿಡಬೇಕಾದದ್ದು ಅದು. "ಎಲ್ಲಿಟ್ಟಿದ್ದೀಯಪ್ಪ?" ಅಂದೆ.

"ನಮ್ ವಾಟ್ಸಾಪ್ ಗ್ರೂಪಲ್ಲೇ ಇದೆ ಅಣ್ಣ."

ಆ ಗ್ರೂಪಿನಲ್ಲಿ ಲಾರಿ ಡ್ರೈವರ್‌ಗಳೂ ಇದ್ದಾರೆ, ಟೀ ಅಂಗಡಿಯವರೂ ಇದ್ದಾರೆ.

ಇಂಜೆಸ್ಷನ್‌ಡೇಟಾ ಅನ್ನೋ ಕಂಟೇನರ್ ಒಳಗೆ ಇಣುಕಿದೆ. ಫೈಲುಗಳು ಆರಾಮಾಗಿ ಕೂತಿದ್ದವು. ಆದರೆ ಹುಡುಗ ಇಡೀ ಫೋಲ್ಡರನ್ನೇ ಎತ್ತಿ ಹಾಕಿದ್ದರಿಂದ ಅವು ಅಲ್ಲೂ ಅದೇ ಫೋಲ್ಡರೊಳಗೆ ಸೇರಿಕೊಂಡಿದ್ದವು, ಯಾವ ಫೈಲು ಯಾವ ಮೇಲ್‌ಬಾಕ್ಸಿಗೆ ಅಂತ ಅವನು ಬರೆದ ಮ್ಯಾಪಿಂಗ್ ಸಿಎಸ್‌ವಿ ಪಟ್ಟಿಯಲ್ಲಿ ನೋಡಿದರೆ, ಫೋಲ್ಡರಿನ ಹೆಸರು ಇರಬೇಕಾದ ಫೈಲ್‌ಪಾತ್ ಕಾಲಂ ಪೂರ್ತಿ ಖಾಲಿ. ಸಾಲದ್ದಕ್ಕೆ ಅಲ್ಲಿ ಫೈಲಿನ ಹೆಸರಿನ ಕೊಬ್ಬರಿಗೆ ಇಂಗ್ಲಿಷಿನ ಸಣ್ಣ ಕೆ, ಸಿಎಸ್‌ವಿಯಲ್ಲಿ ದೊಡ್ಡ ಕೆ. ಇಂಪೋರ್ಟಿಗೆ ಅವೆರಡೂ ಬೇರೆ ಬೇರೆ ಫೈಲು.

"ಕೊಬ್ಬರಿ ಕೊಬ್ಬರೀನೇ ಅಲ್ವಾ?" ಅಂದರು ಯಜಮಾನರು.

ಇಲ್ಲಿ ಅಲ್ಲ ಸಾರ್. ಸಿಎಸ್‌ವಿ ತಿದ್ದಿ ಹೊಸ ಇಂಪೋರ್ಟ್ ಜಾಬ್ ಕೊಟ್ಟ ಮೇಲೆ ಡೆಲ್ಲಿ ಪಾರ್ಟಿಗಳ ಹಳೇ ಚೌಕಾಸಿಯೆಲ್ಲ ಒಂದೊಂದಾಗಿ ಮೇಲ್‌ಬಾಕ್ಸಿಗೆ ಬಂತು.

ಅದೇ ಫೋಲ್ಡರಿನ ತಳದಲ್ಲಿ ಯಜಮಾನರ ಮಗಳ ಮದುವೆ ವಿಡಿಯೋನೂ ಇತ್ತು, ಧಾರೆಯಿಂದ ಬೀಗರ ಔತಣದ ತನಕ. ಅಪ್‌ಲೋಡಿಗೆ ರಾತ್ರಿಯಿಡೀ ಯಾಕೆ ಹಿಡಿಯಿತು ಅಂತ ಗೊತ್ತಾಯ್ತಲ್ಲ! ಅಳಿಸೋಣ ಅಂದರೆ ಆ ಯುಆರ್‌ಎಲ್‌ಗೆ ಅಳಿಸುವ ಅಧಿಕಾರವಿಲ್ಲ. ಪಿಎಸ್‌ಟಿಗಳಾದರೆ ಕೊನೆಯ ಜಾಬ್ ಕೊಟ್ಟು 30 ದಿನಕ್ಕೆ ತಾವಾಗೇ ಹೋಗುತ್ತವೆ. ಇಷ್ಟನ್ನೂ ಬಿಡಿಸಿ ಹೇಳಿದೆ, ಗ್ರೂಪಿನಿಂದ ಲಿಂಕು ತೆಗೆಸಿ ಅಂತಲೂ ಹೇಳಿದೆ. ಯಜಮಾನರು ಎಲ್ಲ ಕೇಳಿಸಿಕೊಂಡು, "ಅದಿರಲಿ, ಆ ಲಿಂಕು ಬೀಗರಿಗೂ ಒಂದ್ಸಲ ಕಳಿಸಬಹುದಾ?" ಅಂದರು.